ಮೀನಿನ ತೊಟ್ಟಿಯ ಕೆಳಗಿನ ಸಂಪಿನೊಳಗೆ ನಾನಿದ್ದ ಆರೂವರೆ ತಾಸಿನ ಬಗ್ಗೆ

ಹೆಸರು: ಜುಂಜಪ್ಪ ಬಿನ್ ಲೇಟ್ ಕ್ಯಾತಪ್ಪ. ವಯಸ್ಸು: 56 ವರ್ಷ. ಜನಾಂಗ: ಗೊಲ್ಲರು. ಕಸುಬು: ಕಾಲುವೆಯ ನೀರಗಂಟಿ. ಓದು: ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿ. ವಾಸ: ಹಳೇಪೇಟೆ ಹಿಂದಿನ ಬೀದಿ, ಹಿರಿಯೂರು ಟೌನ್.

ಈ ದಿನ ದಿನಾಂಕ 21-3-1974ರ ಗುರುವಾರ ಬೆಳಿಗ್ಗೆ 10-30 ಗಂಟೆಗೆ ನಾನಾಗಿಯೇ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ಬರೆಯಿಸುವುದೇನೆಂದರೆ, ಇದೇ ತಿಂಗಳ 17ನೇ ತಾರೀಖು ಭಾನುವಾರ ನಾನು ಕೊಟ್ಟ ಮೊದಲ ಹೇಳಿಕೆಯಲ್ಲಿ ‘ತಲೆ ಸುತ್ತಿ ಬಂತು, ಸಂಪಿನೊಳಗೆ ಹೇಗೆ ಹೋದೆನೋ, ಅಲ್ಲಿ ಏನಾಯಿತೋ ನೆನಪಿಲ್ಲ’ ಎಂದು ಹೇಳಿರುವುದು ಸುಳ್ಳು. ನನಗೆ ತಲೆ ಸುತ್ತಿರಲಿಲ್ಲ. ಎಲ್ಲವೂ ಗಂಟೆ ನಿಮಿಷ ಸಮೇತ ನೆನಪಿದೆ, ಯಾಕೆಂದರೆ ನನ್ನ ಕೈಗಡಿಯಾರ ಕೈಯಲ್ಲೇ ಇತ್ತು.

ನಾನು ಮೂವತ್ತೊಂದು ವರ್ಷದಿಂದ ಮಾರಿಕಣಿವೆ ಕಾಲುವೆಯಲ್ಲಿ ನೀರು ಬಿಡುವ, ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ ಎಂಬುದನ್ನು ಈ ತಾಲ್ಲೂಕಿನಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಇದು ಕೇಸಿಗೆ ಬೇಕಿಲ್ಲವೆಂದು ಠಾಣೆಯ ರೈಟರ್ ಹೇಳಿದರೂ ನಾನು ಹಟ ಹಿಡಿದಿದ್ದರಿಂದ ಬರೆದುಕೊಂಡಿದ್ದಾರೆ.

ನನ್ನ ಹೆಂಡತಿ ಯಲ್ಲಕ್ಕನ ತಮ್ಮ ಬೋರಪ್ಪ ಎಂಬಾತ ಹೊಳಲ್ಕೆರೆಯಲ್ಲಿ ಗುಮಾಸ್ತನಾಗಿದ್ದಾನೆ. ಕಳೆದ ದೀಪಾವಳಿಗೆ ನಮ್ಮ ಮನೆಗೆ ಬಂದವನು, ಬೆಂಗಳೂರಿನಲ್ಲಿ ಒಬ್ಬ ಡಾಕ್ಟರ ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಕಂಡೆನೆಂದೂ, ಅಂಥದ್ದು ಕಾಲುವೆ ಕಾಯುವವರ ಕೈಲಿ ಆಗುವ ಕೆಲಸವಲ್ಲವೆಂದೂ ಹೇಳಿದ. ಸಂಕ್ರಾಂತಿಯೊಳಗೆ ನಾನು ಕಬ್ಬಿಣದ ಪಟ್ಟಿಯ ಚೌಕಟ್ಟಿಗೆ ಗಾಜು ಕೂರಿಸಿ, ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಮಾಡಿದೆ. ಒಂದು ತೊಟ್ಟೂ ಸೋರಲಿಲ್ಲ. ಆದರೆ ಎಂಟು ದಿನಕ್ಕೆ ನೀರು ಪಾಚಿಗಟ್ಟಿ ಮೀನು ಕಾಣದಾಯಿತು. ಎಂಟು ದಿನಕ್ಕೊಮ್ಮೆ ಹದಿನಾಲ್ಕು ಕೊಡ ಹೊತ್ತು ಸುರಿಯುವವಳು ಯಲ್ಲಕ್ಕ. ಇನ್ನೊಂದು ಸಲ ಹೊರಿಸಿದರೆ ಮೀನನ್ನೆಲ್ಲ ಸಾರು ಮಾಡುವುದಾಗಿ ಆಕೆ ಹೇಳಿದಳು. ಹೇಳಿದರೆ ಮಾಡುವವಳು.

ಆಗ ನಾನು ತೊಟ್ಟಿಯ ಕೆಳಗೊಂದು ಸಂಪು ಕಟ್ಟುವ ಆಲೋಚನೆ ಮಾಡಿದೆ. ಮೇಲಿನ ಕೊಳೆನೀರು ಕೊಳವೆಯಲ್ಲಿ ಕೆಳಗಿಳಿದು, ಮರಳು ಮತ್ತು ಇದ್ದಿಲಿನ ನಡುವೆ ಸೋಸಿ, ತಿಳಿಯಾಗಿ ಸಂಪಿನ ಎರಡನೇ ಖಾನೆಗೆ ಹೋಗಬೇಕು. ಅಲ್ಲಿಂದ ಸೀಮೆಎಣ್ಣೆ ಪೀಪಾಯಿಯ ಕೈಪಂಪು ತಿರುಗಿಸಿ ಅದೇ ನೀರನ್ನು ಮತ್ತೆ ಮೇಲಕ್ಕೆ ಎತ್ತಬೇಕು. ಮರಳು, ಇದ್ದಿಲು, ಪಂಪಿನ ಆಲೋಚನೆ ನನ್ನದು. ಅಳತೆ, ಇಳಿಜಾರು, ಕೊಳವೆ, ಮುಚ್ಚಳ ಎಲ್ಲವೂ ನಮ್ಮ ಬೀದಿಯ ತುದಿಯಲ್ಲಿ ತಗಡಿನ ಅಂಗಡಿ ಇಟ್ಟಿರುವ ಮೌಲಾ ಸಾಬರದು. ಅವರು ಇಪ್ಪತ್ತು ವರ್ಷದಿಂದ ನನ್ನ ಗೆಳೆಯರು. ಊರಲ್ಲಿ ನಾನು ಎಲ್ಲವೂ ನನ್ನದೇ ಎಂದು ಹೇಳಿಕೊಂಡು ತಿರುಗಿದ್ದೇನೆ. ಅದನ್ನು ಇಲ್ಲಿ ತಿದ್ದಿಸುತ್ತಿದ್ದೇನೆ.

ಮನೆಯ ಒಳಅಂಗಳದಲ್ಲಿ ತೋಡಿದ ಸಂಪಿನ ಗುಂಡಿ ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕು ಅಡಿ ಆಳ. ಅದರ ನಾಲ್ಕು ಅಡಿಯಷ್ಟು ಭಾಗದ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮೀನಿನ ತೊಟ್ಟಿ. ಉಳಿದ ಎರಡು ಅಡಿ ಸಂಪಿನ ಬಾಯಿ. ಆ ಬಾಯಿಗೆ ಮೌಲಾ ಸಾಬರು ತೂತು ಹೊಡೆದ ತಗಡಿನ ಮುಚ್ಚಳ ಮಾಡಿಕೊಟ್ಟಿದ್ದರು. ಬಾಯಿಯ ಕೆಳಗಿನ ಸೋಸುವ ಖಾನೆಗೂ ಚಪ್ಪಡಿಯ ಕೆಳಗಿನ ತಿಳಿನೀರಿನ ಖಾನೆಗೂ ನಡುವೆ ಮೂರು ಅಡಿ ಎತ್ತರದ ಶಹಾಬಾದ್ ಕಲ್ಲು ನಿಲ್ಲಿಸಬೇಕಿತ್ತು. ಅದು ಕೂರಲು ಎರಡೂ ಪಕ್ಕದ ಗೋಡೆಯಲ್ಲಿ ಸೀಳು ಬಿಟ್ಟಿದ್ದೆವು. ಕಲ್ಲಿನ ಮೇಲೆ ಉಳಿಯುವ ಸಂದು ಒಂದೇ ಅಡಿ.

17ನೇ ತಾರೀಖು ಮಧ್ಯಾಹ್ನ ಮೂರು ಗಂಟೆಗೆ ತೊಟ್ಟಿ ನೋಡಲು ಬರಬೇಕೆಂದು ನಾನು ಇಪ್ಪತ್ತು ಜನಕ್ಕೆ ಹೇಳಿದ್ದೆ. ಬೋರಪ್ಪನನ್ನು ಕಾಗದ ಬರೆದು ಕರೆಸಿಕೊಂಡಿದ್ದೆ. ಕೆಳಗಿನ ಕೆಲಸ ಮುಗಿದ ಮೇಲೆ ತೊಟ್ಟಿ ತುಂಬಬೇಕೆಂದು ಮೌಲಾ ಸಾಬರು ಎಷ್ಟು ಹೇಳಿದರೂ ಕೇಳದೆ ಬೆಳಿಗ್ಗೆ 9 ಗಂಟೆಗೇ ತುಂಬಿಸಿ ಹನ್ನೊಂದು ಮೀನು ಬಿಟ್ಟೆ. ಮೌಲಾ ಸಾಬರ ಮಗಳು ರೆಹಾನಾಳನ್ನು ನೋಡಲು ಅದೇ ದಿನ ನಾಲ್ಕು ಗಂಟೆಗೆ ಚಿತ್ರದುರ್ಗದಿಂದ ಗಂಡಿನ ಕಡೆಯವರು ಬರುವವರಿದ್ದರು. ಆದ್ದರಿಂದ ಅವರು 11 ಗಂಟೆಗೆ ಮನೆಗೆ ಹೊರಟರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು:

“ಲೇ ಜುಂಜಪ್ಪ, ನಾ ಬರೋತನಕ ಆ ಕಲ್ಲು ಮುಟ್ಟಬ್ಯಾಡ. ಮುಟ್ಟಿದ್ಯೋ, ನಿನ್ನ ಅದ್ರಾಗೇ ಹಾಕಿ ಮ್ಯಾಲೆ ತಗಡು ಬೆಸೆದುಬಿಡ್ತೀನಿ.”

ಈ ಮಾತು ನಗೆಚಾಟಿಕೆಯದು. ನಾನೂ ನಕ್ಕೆ. ಬೋರಪ್ಪ ಹಜಾರದಲ್ಲಿ ಕೂತು ಕೇಳಿಸಿಕೊಂಡ.

11-40ಕ್ಕೆ ಯಲ್ಲಕ್ಕ ಬಟ್ಟೆ ಒಗೆಯಲು ಹೋದಳು. ಬೋರಪ್ಪ ಮಂಡಕ್ಕಿ ತರಲು ಪೇಟೆಗೆ ಹೋದ. ನಾನು ಸಂಪಿಗೆ ಇಳಿದೆ. ಕಲ್ಲಿನ ಬುಡಕ್ಕೆ ತಿಳಿನೀರಿನ ಕಡೆಯಿಂದ ಸಿಮೆಂಟು ಮೆತ್ತಿದರೆ ಗಟ್ಟಿ ಎಂದು, ಚಪ್ಪಡಿಯ ಕೆಳಗಿನ ಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಯಿಯ ಅಂಚಿಗೆ ಒರಗಿಸಿದ್ದ ಕಲ್ಲನ್ನು ಎಳೆದುಕೊಂಡು ಸೀಳಿಗೆ ಬಿಟ್ಟೆ. ಕಲ್ಲು ತನ್ನ ಭಾರಕ್ಕೆ ತಾನೇ ಸರ್ರನೆ ಇಳಿದು ಸಿಮೆಂಟಿನಲ್ಲಿ ಕೂತಿತು. ಆಗ ಸಮಯ 12-05. ಸೊಗಸಾಗಿ ಕೂತಿತಲ್ಲ ಎಂದು ಸಂತೋಷಪಟ್ಟೆ. ನಾನು ಕಲ್ಲಿನ ಯಾವ ಕಡೆ ಇದ್ದೇನೆಂದು ತಿಳಿದದ್ದು ಆಮೇಲೆ.

ಕಲ್ಲು ಎತ್ತಲು ನೋಡಿದೆ. ಕೂತಲ್ಲಿಂದ ಕೈಗೆ ಬಲ ಬರಲಿಲ್ಲ. ಒದೆಯೋಣವೆಂದರೆ ತಲೆಯ ಮೇಲೆ ಹದಿನಾಲ್ಕು ಕೊಡ ನೀರು, ಗಾಜು, ಚಪ್ಪಡಿ. ಸಂದಿನಲ್ಲಿ ತೂರಿದೆ. ತಲೆ, ಬಲಗೈ, ಎದೆ ಹೋಯಿತು. ಹೊಟ್ಟೆ ಹೋಗಲಿಲ್ಲ. ಹತ್ತು ನಿಮಿಷ ಹಿಂದಕ್ಕೂ ಬರಲಾಗಲಿಲ್ಲ. ಕೊನೆಗೆ ಉಸಿರು ಬಿಟ್ಟು ಜಾರಿ ಒಳಗೇ ಬಿದ್ದೆ. ಅಂಗಿಯ ಮೂರು ಗುಂಡಿ ಕಿತ್ತುಹೋದವು. ಮೇಲಿನ ಕೊಳವೆಯಿಂದ ಒಂದೊಂದೇ ಹನಿ ಕತ್ತಿನ ಮೇಲೆ ಬೀಳುತ್ತಿತ್ತು. ನಾಲ್ಕು ಎಣಿಸುವುದರೊಳಗೆ ಒಂದು ಹನಿ. ಸರಿಯಲು ಜಾಗವಿದ್ದರೂ ಎಲ್ಲಿ ಸರಿದರೂ ಅಲ್ಲಿಗೇ ಬಂದಂತೆ ಅನ್ನಿಸುತ್ತಿತ್ತು.

1 ಗಂಟೆಗೆ ಯಲ್ಲಕ್ಕನೂ ಬೋರಪ್ಪನೂ ಬಂದರು. ಊಟಕ್ಕೆ ಕರೆದಳು. ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬೋರಪ್ಪ, ಭಾವ ಎಲ್ಲೋ ನಾಲ್ಕು ಜನ ಸೇರಿಸಿಕೊಂಡು ಸಂಪಿನ ಭಾಷಣ ಬಿಗಿಯುತ್ತಿರಬೇಕು, ಆತ ಕಟ್ಟಿದ ಸಂಪಿನಲ್ಲಿ ನೀರು ನಿಲ್ಲುವುದಕ್ಕಿಂತ ಮುಂಚೆ ಆತನ ಮಾತು ನಿಲ್ಲಲಿ ಎಂದ. ಬಾಯಿ ಮುಚ್ಚಿಕೊಂಡೆ. ಅವನು ಆಚೆ ಹೋದ ಮೇಲೆ ಹೆಂಡತಿಗೆ ಮಾತ್ರ ಹೇಳೋಣವೆಂದುಕೊಂಡೆ. ಅವನು ಹೋಗಲಿಲ್ಲ. ಕೋಳಿ ಬಿದ್ದಾವೆಂದು ಯಲ್ಲಕ್ಕ ಸಂಪಿನ ಬಾಯಿಗೆ ಮುಚ್ಚಳ ಹಾಕಿ ಅದರ ಮೇಲೆ ರುಬ್ಬುಗುಂಡು ಇಟ್ಟಳು. ಆಮೇಲೆ ಬೆಳಕು ಎಂದರೆ ತಗಡಿನ ತೂತುಗಳಷ್ಟೇ.

3 ಗಂಟೆಗೆ ಜನ ಬಂದರು. ಮೀನು ನೋಡಿ ಹೊಗಳಿದರು. ಚಂದ್ರಕ್ಕನೆಂಬ ಪಕ್ಕದ ಮನೆಯಾಕೆ, ಇಂಥದ್ದು ದುರ್ಗದಲ್ಲೂ ಇಲ್ಲ ಎಂದಳು. ನನ್ನ ತೊಟ್ಟಿಯನ್ನು ನಾನಿಲ್ಲದೆಯೂ ಜನ ಹೊಗಳುವುದನ್ನು ಕೂತು ಕೇಳಿದೆ. ಈಗ ಕೂಗಿದರೆ ಇಪ್ಪತ್ತು ಜನರ ಮುಂದೆ ನನ್ನನ್ನು ಹಗ್ಗ ಹಾಕಿ ಎಳೆಯಬೇಕಾಗುತ್ತದೆ. ಅದಕ್ಕೇ ಸುಮ್ಮನಾದೆ.

3-30ಕ್ಕೆ ನನ್ನ ಚಪ್ಪಲಿ, ಕೊಡೆ ಎರಡೂ ಮನೆಯಲ್ಲೇ ಇರುವುದನ್ನು ಯಲ್ಲಕ್ಕ ಕಂಡಳು. ಅಳತೊಡಗಿದಳು. ಮದುವೆಯಾದಂದಿನಿಂದ ನನಗಾಗಿ ಆಕೆ ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಳಗೊಳಗೇ ಹಿತವಾಯಿತೆಂಬುದನ್ನೂ ಬರೆಸುತ್ತಿದ್ದೇನೆ. ಆಗ ಬೋರಪ್ಪ ಮೌಲಾ ಸಾಬರ ಬೆಳಗಿನ ಮಾತನ್ನು ಎಲ್ಲರಿಗೂ ಹೇಳಿ, ಠಾಣೆಗೆ ಹೋದ. ಅವನು ದುರುದ್ದೇಶದಿಂದ ಹೋಗಲಿಲ್ಲ. ಅವನ ದನಿ ನಡುಗುತ್ತಿತ್ತು.

4-10ಕ್ಕೆ ದಫೇದಾರರು ಬಂದರು. ಮುಚ್ಚಳ ತೆಗೆಸಿ ಬಗ್ಗಿ ಬ್ಯಾಟರಿ ಬಿಟ್ಟು ನೋಡಿದರು. ಬೆಳಕು ಕಲ್ಲಿನ ಮೇಲೆ ಹಾದು ಸಂದಿನೊಳಗೆ ಬಂತು. ನಾನು ಕಾಲು ಮಡಚಿಕೊಂಡು ಮೂಲೆಗೆ ಸರಿದು ಉಸಿರು ಹಿಡಿದೆ. ದಫೇದಾರರು ಸರಿಯಾಗಿ ನೋಡಲಿಲ್ಲವೆಂದು ಊರಲ್ಲಿ ಆಡಿಕೊಳ್ಳುತ್ತಿದ್ದಾರೆ. ಅವರು ನೋಡಿದರು. ನಾನು ಅಡಗಿಕೊಂಡೆ.

4-20ಕ್ಕೆ ಮೌಲಾ ಸಾಬರನ್ನು ಕರೆಸಿದರು. ಮುಚ್ಚಳ ಮತ್ತೆ ಹಾಕಿತ್ತು. ತೂತಿನಿಂದ ಅವರ ಇಸ್ತ್ರಿ ಮಾಡಿದ ಬಿಳಿ ಪೈಜಾಮದ ಅಂಚು ಕಂಡಿತು. ಅತ್ತರಿನ ವಾಸನೆ ಸಂಪಿನೊಳಕ್ಕೂ ಬಂತು. ನಾನಿದ್ದ ಜಾಗಕ್ಕೂ ಅವರು ನಿಂತಿದ್ದ ಜಾಗಕ್ಕೂ ಐದು ಅಡಿಗಿಂತ ಹೆಚ್ಚಿರಲಿಲ್ಲ. ತಾನು ಹೊರಟಾಗ ಜುಂಜಪ್ಪ ಚೆನ್ನಾಗಿಯೇ ಇದ್ದನೆಂದೂ, ಆ ಮಾತು ತಮಾಷೆಯದೆಂದೂ ಹೇಳಿದರು. ಠಾಣೆಗೆ ಬಂದು ಅದನ್ನೇ ಹೇಳಬೇಕೆಂದು ದಫೇದಾರರು ಹೇಳಿದಾಗ ಅವರ ದನಿ ಸಣ್ಣದಾಯಿತು.

“ಸಾಹೇಬ್ರೆ, ಮನ್ಯಾಗೆ ಬೀಗರು ಬಂದು ಕುಂತವ್ರೆ. ಒಂದ್ ತಾಸು ಬಿಡ್ರಿ, ನಾನೇ ಬರ್ತೀನಿ.”

ಆಗ ನಾನು ‘ಇಲ್ಲಿದ್ದೀನಿ’ ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಠಾಣೆಗೆ ಹೋದರೆ ಅರ್ಧ ಗಂಟೆಯಲ್ಲಿ ಬಿಟ್ಟು ಕಳಿಸುತ್ತಾರೆ, ಅಷ್ಟರಲ್ಲಿ ಮನೆ ಖಾಲಿಯಾದರೆ ಹೆಂಡತಿಗೆ ಹೇಳಿ ಹೊರಬಂದು ಪೇಟೆಯಿಂದ ಬಂದವನಂತೆ ಬಂದರಾಯಿತೆಂದು ಲೆಕ್ಕ ಹಾಕಿದೆ. 4-45ಕ್ಕೆ ಅವರನ್ನು ಬೀದಿಯಲ್ಲಿ, ಅವರದೇ ಮನೆಯ ಮುಂದೆ ನಡೆಸಿಕೊಂಡು ಹೋದರು. ಬೀಗರು ಜಗುಲಿಯ ಮೇಲೆ ನಿಂತಿದ್ದರೆಂದು ಆಮೇಲೆ ತಿಳಿಯಿತು. ನಮ್ಮ ಮನೆಯ ಜನವೆಲ್ಲ ನನ್ನ ಹೆಣ ಹುಡುಕಲು ಕಾಲುವೆಯ ಕಡೆಗೆ ಹೋದರು. ಯಲ್ಲಕ್ಕನೂ ಹೋದಳು.

ಮನೆ ಖಾಲಿಯಾಯಿತು. ಈಗ ಹೇಳೋಣವೆಂದರೆ ಯಾರೂ ಇಲ್ಲ. ಆಗ ಕೂಗಿದೆ. ಬಹಳ ಕೂಗಿದೆ. ದನಿ ಚಪ್ಪಡಿಗೆ ಬಡಿದು ನನ್ನ ಕಿವಿಗೇ ಬಂತು. ಸಿಮೆಂಟು ಮುಟ್ಟಿ ನೋಡಿದೆ, ಉಗುರು ಇಳಿಯಲಿಲ್ಲ. ತೂತುಗಳ ಬೆಳಕು ಬಿಳಿಯಿಂದ ಹಳದಿಯಾಯಿತು. ಹನಿ ಬೀಳುವುದು ನಿಂತಿರಲಿಲ್ಲ.

6-15ಕ್ಕೆ ಯಾರೋ ಮೆಲ್ಲಗೆ ಒಳಗೆ ಬಂದು ಯಲ್ಲಕ್ಕನನ್ನು ಕರೆದರು. ರೆಹಾನಾ. ಚಿಕ್ಕಂದಿನಿಂದ ಆ ಹುಡುಗಿ ನನ್ನನ್ನು ಮಾವ ಎನ್ನುತ್ತಾಳೆ. ನಾನು ಕೂಗಿದೆ. ಆಕೆ ರುಬ್ಬುಗುಂಡು ಉರುಳಿಸಿ ಮುಚ್ಚಳ ಎತ್ತಿ ಬಗ್ಗಿದಳು. ಕಿವಿಯಲ್ಲಿ ಹೊಸ ಝುಮಕಿ ಇದ್ದವು. ನನ್ನ ಮುಖ ಸಂದಿನಲ್ಲಿ ಕಂಡು ಹೆದರಲಿಲ್ಲ, ನಗಲೂ ಇಲ್ಲ. ಎಷ್ಟೊತ್ತಿನಿಂದ ಒಳಗಿದ್ದೀರೆಂದು ಕೇಳಿದಳು. ಮಧ್ಯಾಹ್ನದಿಂದ ಎಂದೆ.

“ಅಬ್ಬಾನ ಕರ್ಕೊಂಡು ಹೋಗೋವಾಗ ಕೇಳಿಸ್ತಾ ಮಾವ?”

ನನಗೆ ಜ್ಞಾನ ಇರಲಿಲ್ಲ ಎಂದೆ. ಆ ಸುಳ್ಳು ಹುಟ್ಟಿದ್ದು ಅಲ್ಲಿ. ಆಕೆ ಮುಚ್ಚಳವನ್ನು ಗೋಡೆಗೆ ಒರಗಿಸಿ ಜನ ಕರೆಯಲು ಓಡಿದಳು.

6-40ಕ್ಕೆ ಮೂವರು ಹಗ್ಗ ಬಿಗಿದು, ಹಾರೆಯಲ್ಲಿ ಮೀಟಿ ಕಲ್ಲು ಎತ್ತಿ ನನ್ನನ್ನು ತೆಗೆದರು. ಮೀನಿನ ತೊಟ್ಟಿಗೆ ಏನೂ ಆಗಲಿಲ್ಲ. ನಾನು ಹೇಳಿದ ಸುಳ್ಳಿಗೆ ತಕ್ಕಂತೆ ಕಣ್ಣು ಮುಚ್ಚಿ ಮಲಗಿದೆ. ಮುಖಕ್ಕೆ ನೀರು ಹಾಕಿದರು. ಬೋರಪ್ಪ ನನ್ನ ಕಾಲು ಹಿಡಿದುಕೊಂಡು ಅತ್ತ. ಸಾವು ಗೆದ್ದು ಬಂದನೆಂದು ಜನ ಹೇಳಿದರು. ಜ್ಞಾನ ಇರಲಿಲ್ಲವೆಂಬ ಸುಳ್ಳನ್ನೇ ಠಾಣೆಯಲ್ಲೂ ಬರೆಸಿದೆ. ಮೌಲಾ ಸಾಬರನ್ನು ವಿಚಾರಣೆ ಮುಗಿಯುವತನಕ ಕರೆದಾಗ ಬರಬೇಕೆಂದು ಹೇಳಿ ಕಳಿಸಿದರು. ಬೀಗರು 5-30ರ ಬಸ್ಸಿಗೇ ಚಿತ್ರದುರ್ಗಕ್ಕೆ ಹೋಗಿದ್ದರು.

ಇದರಿಂದ ನನ್ನ ಮಾನ ಉಳಿಯಿತು, ಮೌಲಾ ಸಾಬರದು ಹೋಯಿತು. 19ನೇ ತಾರೀಖು ಗಂಡಿನ ದೊಡ್ಡಪ್ಪ ರೌಫ್ ಸಾಬ್ ಎಂಬುವರು ಹೇಳಿಕಳಿಸಿದ ಮಾತೆಂದರೆ, ಗುಂಡಿಯಲ್ಲಿ ಸಿಕ್ಕವನಿಗೇ ತನ್ನನ್ನು ಯಾರು ಹಾಕಿದರೆಂದು ಗೊತ್ತಿಲ್ಲ, ತಲೆಗೆ ಪೆಟ್ಟು ಬಿತ್ತೋ ಏನೋ ಅದೂ ಗೊತ್ತಿಲ್ಲ, ಹಾಗಿರುವಾಗ ಈ ಮಾತುಕತೆ ಮುಂದುವರಿಸುವುದು ಬೇಡ. ಅಂದರೆ ನಾನು ಜ್ಞಾನವಿರಲಿಲ್ಲ ಎಂದು ಹೇಳುತ್ತಿರುವಷ್ಟು ದಿನ ಮೌಲಾ ಸಾಬರು ನನ್ನನ್ನು ಹೊಡೆದು ಒಳಗೆ ಹಾಕಿದವರೇ ಆಗಿರುತ್ತಾರೆ. ಯೋಚಿಸಿ ನೋಡಿದೆ. ಇದರಲ್ಲಿ ನನಗೆ ತೂರಲು ಒಂದು ಅಡಿಯ ಸಂದೂ ಇರಲಿಲ್ಲ.

ನಿನ್ನೆ ಸಂಜೆ 5 ಗಂಟೆಗೆ ಅವರ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಒಂದು ಲಾಟೀನಿನ ತಳ ಬೆಸೆಯುತ್ತಿದ್ದರು. ಬೆಸುಗೆ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಕಾಲಿಗೆ ಬೀಳಲು ಹೋದೆ. ಕಾಲು ಹಿಂದಕ್ಕೆ ತೆಗೆದುಕೊಂಡರು.

“ನಂಗ್ಯಾಕೆ ಹೇಳ್ತೀಯ. ನಾ ಹೊಡೆದಿಲ್ಲ ಅಂತ ನಂಗೆ ಗೊತ್ತಿಲ್ಲೇನು? ಎಲ್ಲಿ ಬರೆಸಿದ್ಯೋ ಅಲ್ಲಿ ಹೋಗಿ ಹೇಳು.”

ಆದ್ದರಿಂದ ಬಂದಿದ್ದೇನೆ. ನನ್ನನ್ನು ಯಾರೂ ಹೊಡೆದಿಲ್ಲ, ನೂಕಿಲ್ಲ, ಕೂಡಿಹಾಕಿಲ್ಲ. ನಾನು ಒಬ್ಬನೇ ಇಳಿದೆ, ನಾನೇ ಕಲ್ಲು ಬಿಟ್ಟೆ. ಆರು ತಾಸು ಮೂವತ್ತೈದು ನಿಮಿಷ ಪೂರ್ತಿ ಎಚ್ಚರವಿದ್ದೆ. ಈ ಹೇಳಿಕೆಯ ನಕಲು ಕೊಡಿಸಿದರೆ ಚಿತ್ರದುರ್ಗಕ್ಕೆ ಹೋಗಿ ರೌಫ್ ಸಾಬರ ಮನೆಯಲ್ಲಿ, ಹತ್ತು ಜನರ ಮುಂದೆ, ಹೊಟ್ಟೆ ಸಿಕ್ಕಿಕೊಂಡದ್ದೂ ಸೇರಿ ಒಂದಕ್ಷರ ಬಿಡದೆ ಓದಿಸುತ್ತೇನೆ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಕಾನೂನು ಪ್ರಕಾರ ಏನು ಕ್ರಮವೋ ಅದಕ್ಕೆ ತಯಾರಿದ್ದೇನೆ.

ಮೇಲಿನದ್ದನ್ನು ರೈಟರ್ ನನಗೆ ಓದಿ ಹೇಳಿದರು. ಮೌಲಾ ಸಾಬರನ್ನು ಕರೆದೊಯ್ಯುವಾಗ ನಾನು ‘ಗಾಬರಿಯಿಂದ ಮಾತು ಹೊರಡದೆ’ ಸುಮ್ಮನಿದ್ದೆನೆಂದು ಸೇರಿಸಲೇ, ನಿಮ್ಮ ವಯಸ್ಸಿಗೆ ಅದು ಒಪ್ಪುತ್ತದೆ, ಯಾರೂ ನಗುವುದಿಲ್ಲ ಎಂದು ಕೇಳಿದರು. ಗಾಬರಿ ಇರಲಿಲ್ಲ, ಮಾತೂ ಇತ್ತು, ಬೇಕೆಂದೇ ಆಡಲಿಲ್ಲ, ಇದ್ದ ಹಾಗೇ ಇರಲಿ ಎಂದೆ. ಹಾಗೇ ಇದೆ. ನಾನು ಹೇಳಿದಂತೆ ಬರೆದಿರುವುದು ನಿಜವೆಂದು ಒಪ್ಪಿ ರುಜು ಹಾಕಿರುತ್ತೇನೆ.

ಸ್ಥಳ: ಹಿರಿಯೂರು
ದಿನಾಂಕ: 21-3-1974, ಮಧ್ಯಾಹ್ನ 12-15

(ರುಜು) ಕ್ಯಾ. ಜುಂಜಪ್ಪ