ಕ್ಯೂ ನೋಡಿ ಕೊಂಡ ಮನೆ

ಚೀನಾದ ಝೆಂಗ್‌ಝೌ ನಗರದ ಕೋರ್ಟಿನ ಮುಂದೆ ಕ್ಯೂ. ದುಡ್ಡು ನುಂಗಿ, ಮನೆ ಕಟ್ಟಿಕೊಡದೆ ಮುಳುಗಿದ ಕಂಪನಿಯ ಮೇಲೆ ದೂರು ಕೊಡಲು ಬಂದವರು. ಅದರಲ್ಲಿ ನಿಂತಿದ್ದ ಷೆನ್ ಮೇಷ್ಟ್ರ ಮುಂದೆಯೇ ಇಬ್ಬರು ಹೆಂಗಸರು ಸೂರ್ಯಕಾಂತಿ ಬೀಜ ಕಡಿಯುತ್ತ ಮಾತಿಗಿಳಿದಿದ್ದರು.

“ಆ ಕಂಪನಿಗೆ ಕುತ್ತಿಗೆವರೆಗೂ ಸಾಲ ಇದೆ, ಬೇಡ ಅಂತ ನಮ್ಮನೆಯವ್ರು ಬಡ್ಕೊಂಡ್ರು. ನಾನೇ ಕೇಳ್ಲಿಲ್ಲ ಅಕ್ಕ.”

“ಯಾಕೆ?”

“ಬುಕಿಂಗ್ ಆಫೀಸಿನ ಮುಂದೆ ಕ್ಯೂ ನೋಡಿ! ಬೀದಿ ತುದಿವರೆಗೂ ಜನ. ಇವ್ರಿಗೆಲ್ಲ ಬುದ್ಧಿ ಇಲ್ವಾ ಅಂದ್ಕೊಂಡೆ. ಕೆಂಪು ಟೋಪಿಯವಳೊಬ್ಳು, ‘ಇವತ್ತು ಬಿಟ್ರೆ ಸಿಗಲ್ಲ’ ಅಂತ ಬೇರೆ ಅಂದ್ಲು.”

ಹಿರಿಯವಳು ಬೀಜದ ಸಿಪ್ಪೆ ಉಗುಳಿದಳು.

“ಅವಳು ನಾನೇ ಕಣೆ.”

“ನೀವಾ! ನಿಮ್ಗೆ ಎಷ್ಟನೇ ಮಹಡಿ ಸಿಕ್ತು?”

“ಮಹಡಿ ಎಲ್ಲಿಂದ? ಆವತ್ತು ನಂಗೆ ಸಿಕ್ಕಿದ್ದು ದಿನಗೂಲಿ, ಮಧ್ಯಾಹ್ನಕ್ಕೆ ಒಂದು ಡಬ್ಬಿ ಊಟ. ಕ್ಯೂ ಉದ್ದ ಕಾಣ್ಲಿ ಅಂತ ಕಂಪನಿಯೋರೇ ನಿಲ್ಸಿದ್ರು.”

“ನಿನ್ನ ಮನೆ ಹಾಳಾಗ್ಲಿ!”

“ಆಗಿದೆ ಕಣೆ. ದಿನಾ ಆ ಕ್ಯೂನಲ್ಲಿ ನಿಂತು ನಿಂತು ನಂಗೂ ನಂಬಿಕೆ ಬಂದ್ಬಿಡ್ತು. ಮಗನ ಮದುವೆಗಿಟ್ಟಿದ್ದನ್ನೆಲ್ಲ ಅಲ್ಲೇ ಸುರಿದೆ.”

ಬಾಗಿಲು ತೆರೆಯಿತು. ಒಳಗೆ ಹೋಗುವ ಮುನ್ನ ಕಿರಿಯವಳು ತಿರುಗಿ ಮೇಷ್ಟ್ರನ್ನು ದುರುಗುಟ್ಟಿ ನೋಡಿದಳು.

“ನೀವು? ದುಡ್ಡು ಕಳ್ಕೊಂಡೋರಾ, ಡಬ್ಬಿ ಊಟಕ್ಕೆ ಬಂದೋರಾ?”