ಗೌಡರ ಓಣಿಗೆ ತೆರೆದ ಬಾಗಿಲು

ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಯುವರಾಜನ ಕಿವಿಗೆ ಪಕ್ಕದ ಕಟ್ಟೆಯ ಮಾತು ಬಿತ್ತು. ಗಾರೆ ಕೆಲಸದ ಗೌಂಡಿ ಉಡಚಪ್ಪನನ್ನು ಹುಡುಕಿಕೊಂಡು ಅವನದೇ ಊರಿನ ಉಚ್ಚಂಗೆವ್ವ ಬಂದಿದ್ದಳು.

“ಪ್ಯಾಟಿ ಹುಡುಗ್ರು ಬಂದು ಪುಕ್ಕಟ ಮನಿ ಕಟ್ಟಿಕೊಟ್ರಂತಲ್ಲಬೇ ಯಕ್ಕಾ? ಮತ್ಯಾಕ ಮಾರಿ ಸಣ್ಣದು ಮಾಡೀದಿ?”

“ಬಾಗಲಾ ಗೌಡ್ರ ಓಣಿ ಕಡೆ ಇಟ್ಟಾರೋ ತಮ್ಮಾ. ಮುಚ್ಚಲಿಲ್ಲಂದ್ರ ಯಾರೂ ಕೂಲಿಗೆ ಕರಿಯಂಗಿಲ್ಲಂತ ಗೌಡ್ರು ಹೇಳಿ ಕಳಿಸ್ಯಾರ.”

“ಚೌಕಟ್ಟ ನಿಲ್ಲಸೂಮುಂದ ನಿನ್ನ ಬಾಯಾಗ ಕಡಬು ಇತ್ತೇನು?”

“ಬಾಯಿ ಬರಲಿಲ್ಲೋ. ಇಟ್ಟಂಗಿ ಹೊರಾಕ ಬಂದ ಪ್ಯಾಟಿ ಹುಡುಗಿ ನನ್ನ ತಾಟಿನಾಗ ರೊಟ್ಟಿ ಉಂಡಾಕಿ. ನಮ್ಮ ಜಾತಿ ಬಾಗಲಾ ಆ ಕಡೆ ತೆರಿಬಾರದವ್ವಾ ಅಂತ ಅಕಿ ಮುಂದ ಹೆಂಗ ಹೇಳ್ಲಿ?”

“ಮುಚ್ಚಬ್ಯಾಡ. ಏನ್ ಮಾಡ್ತಾರ ನೋಡೂಣು.”

“ನೀ ನೋಡತಿ. ನನ್ನ ಮೊಮ್ಮಕ್ಳು ಏನ್ ತಿಂತಾವ? ನಾಳೆ ಬಂದು ಇಟ್ಟಂಗಿ ಹಾಕಿ ಮುಚ್ಚು. ಹಿಂದ ಗಟಾರದ ಕಡೆ ಗ್ವಾಡಿ ಒಡದು ಒಂದು ಬಾಗಲಾ ಇಡು.”

“ಆ ಹುಡುಗಿ ಬಂದು ಕೇಳಿದ್ರ?”

“ಮುಂದಿನ ಬಾಗಲದಾಗ ಧೂಳ ಬಾಳ ಬರತಿತ್ತು ಅಂತ ಹೇಳತೇನಿ.”

ಯುವರಾಜ ಹಲ್ಲು ಕಡಿದ. ಅಷ್ಟರಲ್ಲಿ ಅವರ ಬಸ್ ಬಂತು. ಉಚ್ಚಂಗೆವ್ವ ಲಗುಬಗೆಯಿಂದ ಹತ್ತಿ, ಪಕ್ಕದ ಸೀಟಿಗೆ ಚೀಲ ಇಟ್ಟು ಉಡಚಪ್ಪನಿಗೆ ಜಾಗ ಹಿಡಿದಳು. ಅವನು ಗಾರೆ ಬಳಿಯುವ ಕರಣಿ, ಗೋಡೆ ನೇರ ನೋಡುವ ಓಳಂಬಿ ಎತ್ತಿಕೊಂಡು ಅವಳ ಹಿಂದೆಯೇ ಹತ್ತಿದ.