ಚೂಟಿ ಇದ್ದಾಳಾ?

ಅಯ್ಯಯ್ಯೋ, ಅಲ್ಲಿ ಬೇಡ ಟೀಚರ್, ಅಲ್ಲಿ ಬೇಡ! ಆ ಕುರ್ಚಿ ತುಂಬಾ ಗುಂಡುಸೂಜಿ. ಟೈಲರ್ ಮನೇಲಿ ನೋಡ್ದೆ ಕೂತೋರು ಕೂತಷ್ಟೇ ಬೇಗ ಎದ್ದಿದಾರೆ... ಹಾಂ, ಈ ಸ್ಟೂಲು ತಗೊಳ್ಳಿ. ತಡೀರಿ, ಚಿಂದಿ ಸರಿಸ್ತೀನಿ. ಮನೆ ಅಂದ್ರೆ ಇಷ್ಟೇ ನೋಡಿ. ಮುಂದಿನ ರೂಮು ಅಂಗಡಿ, ಹಿಂದಿನ ರೂಮು ಸಂಸಾರ.

ಏನು ಹೇಳ್ತಿದ್ದೆ? ಹಾಂ, ಕ್ಯಾಮೆರಾ. ಕ್ಯಾಮೆರಾ ಕೆಟ್ಟಿದೆ ಟೀಚರ್, ಅದಕ್ಕೇ ಫೋನ್ ಕ್ಲಾಸಲ್ಲಿ ನಮ್ಮ ಚೂಟಿ ಮುಖ ನಿಮಗೆ ಕಾಣಲ್ಲ. ಬರೀ ಕಪ್ಪು ಚೌಕ. ಫೋನು ಕೈ ಜಾರಿ ಬಿತ್ತು, ಬಿದ್ದಿದ್ದು ನೆಟ್ಟಗೆ ಇಸ್ತ್ರಿ ಪೆಟ್ಟಿಗೆ ಮೇಲೆ. ಮೈಕೂ ಹೋಯ್ತು. ಕಣ್ಣಿಲ್ಲ, ಬಾಯಿಲ್ಲ, ಕಿವಿ ಮಾತ್ರ ಚುರುಕು. ನಮ್ಮತ್ತೆಗೆ ಕೊನೆಗಾಲದಲ್ಲಿ ಇದರ ತಿರುಗುಮುರುಗು... ಕಿವಿ ಹೋಗಿ ಬಾಯಿ ಒಂದೇ ಉಳಿದಿತ್ತು! ನಗಬೇಕು ಟೀಚರ್ ಇದಕ್ಕೆ. ಕ್ಲಾಸಲ್ಲಿ ಎಷ್ಟು ಚೆನ್ನಾಗಿ ನಗ್ತೀರಿ ನೀವು.

ಫೋನನ್ನ ಯಾಕೆ ಹಾಗೆ ನೋಡ್ತೀರಿ? ಗಾಜು ಒಡೆದಿಲ್ಲ, ಹೌದು. ಒಳಗೆ ಹೋಗಿದೆ. ಹೊರಗಡೆ ನೋಡೋರಿಗೆ ಏನೂ ಗೊತ್ತಾಗಲ್ಲ.

ಚೂಟಿ ಮಲಗಿದಾಳೆ, ಒಳಗೆ. ಬೆಳಗ್ಗೆಯೆಲ್ಲಾ ಕುಣಿದು ಕುಣಿದು ಸುಸ್ತು. ಎಬ್ಬಿಸಲ್ಲ, ಎಬ್ಬಿಸಿದ್ರೆ ಮನೆ ಹಾರಿಹೋಗೋ ಹಾಗೆ ಅಳ್ತಾಳೆ.

ನೀವು ಇಷ್ಟು ದೂರ ಬಂದಿದ್ದು ದೊಡ್ಡ ಮಾತು. ಆ ಜ್ವರ ಊರಿಗೆ ಬಂದು ಸ್ಕೂಲು ಬಾಗಿಲು ಹಾಕ್ದಾಗ ನಾನಂದ್ಕೊಂಡೆ, ಮುಗೀತು, ಇನ್ನು ಇವಳು ನನ್ನ ಕತ್ತರಿ ಹಿಡ್ಕೊಂಡು ಬೆಳೀತಾಳೆ ಅಂತ. ಫೋನಲ್ಲಿ ಪಾಠ ಅಂದ್ರೆ ಮೊದಮೊದಲು ಏನು ಗೋಳು! ಕೋಪ ಮಾಡ್ಕೋಬೇಡಿ... ನಿಮ್ಮ ಪಾಠಾನೂ ಹಾಗೇ ಇತ್ತು. ನೀವು ಭಾಗಾಕಾರ ಹೇಳ್ತಿದ್ರೆ ಮಕ್ಕಳು ಸಾಲಾಗಿ ಆಕಳಿಸೋದು. ಒಬ್ಬ ಹುಡುಗ ತನ್ನ ಫೋಟೋನ ಮುಂದಿಟ್ಟು ಎದ್ದೇ ಹೋಗಿದ್ದ, ನೆನಪಿದೆಯಾ? ನೀವು ಆ ಫೋಟೋಗೇ ಪ್ರಶ್ನೆ ಕೇಳ್ತಾ ಕೂತಿದ್ರಿ!

ಆಮೇಲೆ ಅದ್ಯಾವ ದೇವರು ಬುದ್ಧಿ ಕೊಟ್ನೋ, ಆಟ ಶುರು ಮಾಡಿದ್ರಲ್ಲ... ಅಬ್ಬಬ್ಬ. ನಾನೇ ಮಿಷನ್ ನಿಲ್ಲಿಸಿ ಕೇಳ್ತಿದ್ದೆ. "ಓಡಿ ತನ್ನಿ" ಆಟ! ನಿಮಗಿಂತ ವಯಸ್ಸಾದ ಒಂದು ವಸ್ತು ತನ್ನಿ ಅಂದ್ರಿ. ಒಬ್ಬ ಹಳೇ ರೇಡಿಯೋ ತಂದ, ಒಬ್ಳು ಸೊಟ್ಟ ಸೌಟು ತಂದ್ಲು. ಇವಳು ಬಂದು ನನ್ನ ಕೈ ಹಿಡಿದು ದರದರ ಎಳೀತಾಳೆ! ಬಾಯಲ್ಲಿ ದಾರ, ಕೊರಳಲ್ಲಿ ಇಂಚು ಟೇಪು, ಬನಿಯನ್ನಲ್ಲಿ ನಾನು, ಇಡೀ ಕ್ಲಾಸ್ ಮುಂದೆ! "ಮಿಸ್, ಇದೇ ನಮ್ಮನೇಲಿ ತುಂಬಾ ಹಳೇದು" ಅಂದ್ಲು. ನೀವು ನಕ್ಕು ನಕ್ಕು ಕಣ್ಣೊರೆಸ್ಕೊಂಡ್ರಿ.

ಮತ್ತೆ ಆ ಕೊನೇ ಅಕ್ಷರದ ಆಟ. ಒಬ್ಬರು "ಮರ" ಅಂದ್ರೆ ಮುಂದಿನೋರು "ರ" ಇಂದ ಹೇಳ್ಬೇಕು. ಇವಳು ಕಳ್ಳಿ, ಪ್ರತಿಸಲ "ಣ"ದಲ್ಲಿ ಮುಗಿಸೋದು. ಹಣ, ಕಿರಣ, ಕಂಕಣ... "ಣ" ಇಂದ ಶುರುವಾಗೋ ಪದ ಎಲ್ಲಿಂದ ತರ್ತವೆ ಪಾಪ ಮಕ್ಕಳು? ಇವಳೇ ಗೆಲ್ಲೋದು. ಕೊನೆಗೆ ಇವಳೊಬ್ಬಳಿಗೋಸ್ಕರ ನೀವು ಕಾನೂನೇ ಬದಲಾಯಿಸಿದ್ರಿ, "ಣ" ಬಂದ್ರೆ "ನ" ಅಂತ. ಮೂರು ದಿನ ಮಾತಾಡ್ಲಿಲ್ಲ ನಿಮ್ಮ ಮೇಲಿನ ಸಿಟ್ಟಿಗೆ. ಊಟ ಮಾತ್ರ ಸರಿಯಾಗೇ ಮಾಡಿದ್ಲು.

ಈಗಲೂ ಗೆಲ್ತಾಳೆ ಅಲ್ವಾ? ಈಗಲೂ ಅಷ್ಟೇ ಚುರುಕು. ಕೈಯಲ್ಲಿ ಟೈಪ್ ಮಾಡ್ತಾಳೆ ಅಷ್ಟೆ. ಒತ್ತಕ್ಷರ ತಪ್ಪತ್ತೆ, "ಳ" ಜಾಗದಲ್ಲಿ "ಲ" ಹಾಕ್ತಾಳೆ. ತಿದ್ದಬೇಡಿ ಟೀಚರ್. ಮಗು ಅಂದ್ಮೇಲೆ ತಪ್ಪು ಇರ್ಬೇಕು.

ಅದು? ಅದು ಅವಳ ಯೂನಿಫಾರ್ಮ್. ಸೋಮವಾರ ಸ್ಕೂಲು ತೆಗೀತೀರಂತಲ್ಲ. ಈ ರಾಶಿಯೆಲ್ಲಾ ಅದೇ, ಬೀದೀಲಿರೋ ಮಕ್ಕಳೆಲ್ಲಾ ಬೆಳೆದುಬಿಟ್ಟಿವೆ. ಮೊಣಕೈವರೆಗಿದ್ದ ತೋಳು ಮೇಲೇರಿದೆ, ಲಂಗ ಗಿಡ್ಡ ಆಗಿದೆ. ಅಂಚಿನ ಮಡಿಕೆ ಬಿಚ್ಚಿ ಬಿಚ್ಚಿ ಉಗುರೇ ಸವೆದುಹೋಯ್ತು. ಚೂಟೀದೂ ಬಿಚ್ಚಿ ಉದ್ದ ಮಾಡಿದೆ... ಅಳತೆಗೆ ನಿಲ್ಲಲ್ಲ ಅವಳು. ಅಂದಾಜಿನ ಮೇಲೆ ಮಾಡಿದ್ದು. ಪಕ್ಕದ ಮನೆ ಹುಡುಗಿ ಇವಳಷ್ಟೇ ಎತ್ತರ ಇದ್ಲು, ಅವಳು ಎಷ್ಟು ಬೆಳೆದಿದಾಳೋ ಅಷ್ಟು ಬಿಟ್ಟಿದೀನಿ. ಸರಿಯಾಗತ್ತೆ ಅಲ್ವಾ?

ಟೀಚರ್, ಸರಿಯಾಗತ್ತೆ ಅನ್ನಿ.

ಏನು, ಎದ್ರಿ? ಎಲ್ಲಿಗೆ? ಒಳಗೆ ಬೇಡ, ಒಳಗೆ ಬೇಡ! ಅವಳು ಇಲ್ಲ ಅಲ್ಲಿ. ಸೋದರತ್ತೆ ಮನೆಗೆ ಹೋಗಿದಾಳೆ. ಮಲಗಿದಾಳೆ ಅಂದ್ನಾ? ಅಂದ್ರೆ... ಅತ್ತೆ ಮನೇಲಿ ಮಲಗಿರ್ತಾಳೆ ಈ ಹೊತ್ತಲ್ಲಿ, ಹಾಗೆ ಹೇಳಿದ್ದು. ನೀರಾ? ನೀರು ಬೇಕಿತ್ತಾ ನಿಮಗೆ? ಹೇಳೋದಲ್ವಾ, ನಾನೇ ಕೊಡ್ತೀನಿ. ತಗೊಳ್ಳಿ. ಈ ಲೋಟ ಬೇಡ, ಇದು ಅವಳದು... ಇದರಲ್ಲಿ ಕುಡೀರಿ.

ಯಾಕೆ, ಕುಡೀದೆ ಕೆಳಗಿಟ್ರಿ?

ಟೀಚರ್... ನೀವು ಬಂದು ಇಷ್ಟು ಹೊತ್ತಾಯ್ತು. ನಾನೇ ವಟವಟ ಅಂತಿದೀನಿ, ನೀವು ಒಂದೇ ಒಂದು ಸಲಾನೂ ಚೂಟಿ ಎಲ್ಲಿ ಅಂತ ಕೇಳ್ಲಿಲ್ಲ. ಪಾಠ ಹೇಳೋ ಟೀಚರ್ ಮನೆಗೆ ಬಂದ್ರೆ ಮೊದಲು ಕೇಳೋದೇ ಅದಲ್ವಾ? ಮಲಗಿದಾಳೆ ಅಂದೆ, ಸುಮ್ನಿದ್ರಿ. ಅತ್ತೆ ಮನೆ ಅಂದೆ, ಆಗ್ಲೂ ಸುಮ್ನಿದ್ರಿ. ಎರಡು ಮಾತು ಹೊಂದಲ್ಲ ಅಂತ ಸಣ್ಣ ಮಗೂಗೂ ಗೊತ್ತಾಗತ್ತೆ...

ಗೊತ್ತಿತ್ತಾ ನಿಮಗೆ?

ಮೆಲ್ಲಗೆ. ಮೆಲ್ಲಗೆ ಮಾತಾಡೋಣ. ನಿಮಗಲ್ಲ, ನನಗೇ ಹೇಳ್ಕೊಂಡೆ. ಒಳಗೆ ಇವಳಿದಾಳೆ, ಚೂಟಿ ಅಮ್ಮ. ಹಾಸಿಗೆ ಹಿಡಿದುಬಿಟ್ಟಿದಾಳೆ. ಗೋಡೆ ಕಡೆ ತಿರುಗಿ ಮಲಗಿದ್ರೆ ಆಯ್ತು, ಕರೆದ್ರೂ ಇಲ್ಲ, ಬಿಟ್ರೂ ಇಲ್ಲ. ಅವಳ ಕಿವಿಗೆ ಬೀಳ್ಬಾರ್ದು.

ಹೌದು. ಆ ಜ್ವರಾನೇ. ಸಾಯಂಕಾಲ ಕೆಮ್ಮಿದ್ಲು, ಅಷ್ಟೇ. ಆಸ್ಪತ್ರೇಲಿ ನಮ್ಮನ್ನ ಗಾಜಿನ ಹೊರಗೆ ನಿಲ್ಲಿಸಿದ್ರು. ಗಾಜಿನಾಚೆಯಿಂದ ಕೈ ಮಾಡಿ ಏನೋ ಹೇಳಿದ್ಲು ಟೀಚರ್, ಬಾಯಿ ಆಡ್ತಿತ್ತು, ಸದ್ದು ಬರ್ತಿರ್ಲಿಲ್ಲ. ನಾನು ಅದನ್ನೂ ಆಟ ಅಂದ್ಕೊಂಡೆ. ನಿಮ್ಮ ಮೂಕಾಟ ಇತ್ತಲ್ಲ, ತುಟಿ ನೋಡಿ ಪದ ಹೇಳೋದು... ನೀರು ಅಂತಿದಾಳಾ ಅಂತ ಕೈಯಲ್ಲೇ ಕೇಳ್ದೆ. ತಲೆ ಅಲ್ಲಾಡಿಸಿದ್ಲು. ಮನೆಗೆ ಅಂತಿದಾಳಾ? ಅಲ್ಲ ಅಂದ್ಲು. ಇವತ್ತಿಗೂ ಗೊತ್ತಿಲ್ಲ ಅದು ಏನು ಪದ ಅಂತ.

ಮಣ್ಣಿಗೆ ಇಬ್ಬರೇ ಬರ್ಬೇಕು ಅಂದ್ರು. ಇಬ್ಬರೇ ಹೋದ್ವಿ. ಬೀದಿಯೆಲ್ಲಾ ಬಾಗಿಲು ಹಾಕ್ಕೊಂಡು ಕೂತಿತ್ತು, ಯಾರಿಗೆ ಅಂತ ಹೇಳೋದು? ನಿಮಗೂ ಹೇಳ್ಲಿಲ್ಲ. ಮಾರನೇ ಬೆಳಗ್ಗೆ ಈ ಫೋನು ತಾನಾಗೇ ಬಡ್ಕೊಳ್ತು, ಕ್ಲಾಸಿಗೆ ಹೊತ್ತಾಯ್ತು ಅಂತ. ನಿಲ್ಲಿಸಕ್ಕೆ ಅಂತ ಒತ್ತಿದ್ರೆ ನಿಮ್ಮ ಕ್ಲಾಸೇ ತೆರೆದುಬಿಡ್ತು. ನೀವು ಒಬ್ಬೊಬ್ಬರನ್ನೇ ಕರೀತಾ ಬಂದ್ರಿ. "ಚೂಟಿ ಇದ್ದಾಳಾ? ಚೂಟಿ... ಎಲ್ಲಿ ನಮ್ಮ ಚೂಟಿ?" ಅಂದ್ರಿ.

ಏನು ಮಾಡ್ಬೇಕಿತ್ತು, ನೀವೇ ಹೇಳಿ. ಹೆತ್ತ ಕರುಳು. ಇವಳು ಫೋನ್ ಕಿತ್ಕೊಂಡು "ಇದೀನಿ ಮಿಸ್" ಅಂತ ಟೈಪ್ ಮಾಡ್ಬಿಟ್ಲು. ಅವತ್ತಿಂದ ದಿನಾ ಅದೇ. ಆ ಒಂದು ಗಂಟೆ ಎದ್ದು ಕೂತ್ಕೊಳ್ತಾಳೆ, ತಲೆ ಬಾಚ್ಕೊಳ್ತಾಳೆ, ಆಟ ಆಡ್ತಾಳೆ. ನೀವು "ಶಭಾಷ್ ಚೂಟಿ" ಅಂದ್ರೆ ಒಂದು ತುತ್ತು ಒಳಗೆ ಹೋಗತ್ತೆ. ನಾನು ಬೇಡ ಅಂದೆ, ಬೈದೆ. ಕೇಳಲ್ಲ. ಹೆಂಗಸಿನ ಮನಸ್ಸು, ಹುಚ್ಚು ಹಿಡಿದುಬಿಡತ್ತೆ ಅಂತ ನಾನೂ ಸುಮ್ನಾದೆ.

ಒಂದು ಕೇಳ್ತೀನಿ. ಅವತ್ತು ಎರಡು ನಿಜ ಒಂದು ಸುಳ್ಳು ಆಡಿಸಿದ್ರಲ್ಲ, ಮೂರು ಮಾತು ಹೇಳ್ಬೇಕು, ಸುಳ್ಳು ಯಾವುದು ಅಂತ ಉಳಿದೋರು ಹಿಡೀಬೇಕು... ಚೂಟಿ ಸರದಿ ಬಂತು. "ನನ್ನ ಮುಂದಿನ ಹಲ್ಲು ಬಿದ್ದಿದೆ. ನನಗೆ ಶಿಳ್ಳೆ ಹೊಡೆಯಕ್ಕೆ ಬರತ್ತೆ. ನಾನು ಮನೇಲಿದೀನಿ." ಅಂತ ಬಂತು. ಮಕ್ಕಳೆಲ್ಲಾ ಶಿಳ್ಳೆ ಶಿಳ್ಳೆ, ಶಿಳ್ಳೆ ಸುಳ್ಳು ಅಂತ ಕೂಗಿದ್ವು. ನಿಮಗೆ ಗೊತ್ತಿತ್ತು ಟೀಚರ್. ಅವಳು ಶಿಳ್ಳೆ ಹೊಡೆದಿದ್ದಕ್ಕೇ ಸ್ಕೂಲಲ್ಲಿ ಅವಳೊಬ್ಬಳನ್ನೇ ಆಫೀಸ್ ರೂಮಿಗೆ ಕರೆದು ಬೈದಿದ್ರಿ ನೀವು. ಹಲ್ಲು ಬಿದ್ದಿದ್ದನ್ನೂ ನೋಡಿದ್ರಿ. ಉಳಿದಿದ್ದು ಒಂದೇ ಮಾತು. ಎಷ್ಟು ಹೊತ್ತು ಸುಮ್ನಿದ್ರಿ ಅವತ್ತು! ನೆಟ್ ಹೋಯ್ತೇನೋ ಅಂದ್ಕೊಂಡೆ ನಾನು. ಆಮೇಲೆ ಅಂದ್ರಿ, "ಮೂರೂ ನಿಜ. ಚೂಟಿ ನಮ್ಮನ್ನೆಲ್ಲಾ ಯಾಮಾರಿಸಿದ್ಲು."

ಯಾಕೆ ಹಾಗಂದ್ರಿ?

ಅವತ್ತೇ ಗೊತ್ತಾಯ್ತಲ್ವಾ? ಗೊತ್ತಾದ್ಮೇಲೂ ದಿನಾ ಕರೆದ್ರಿ, ದಿನಾ ಆಡಿಸಿದ್ರಿ. "ಕಲ್ಲಾಗು" ಆಟದಲ್ಲಿ ಎಲ್ಲರೂ ಅಲುಗಾಡದೆ ನಿಂತಾಗ, ಕಪ್ಪು ಚೌಕ ಅಲುಗಾಡಲ್ಲ, ಇದು ಮೋಸ ಅಂತ ಹುಡುಗರು ಜಗಳ ತೆಗೆದ್ರೆ, ಅವಳ ಪರ ವಾದ ಮಾಡಿದ್ರಿ. ಯಾಕೆ ಟೀಚರ್? ಅಳಬೇಡಿ. ಅಳಬೇಡಿ, ಒಳಗೆ ಕೇಳಿಸತ್ತೆ.

ಸೋಮವಾರ ಸ್ಕೂಲು ತೆಗೆದ್ರೆ ಫೋನಿನ ಕ್ಲಾಸು ಮುಗೀತು ಅಂತ ಹೇಳಕ್ಕೆ ಬಂದಿದೀರಿ. ಗೊತ್ತು ನನಗೆ. ಒಂದೇ ಉಪಕಾರ ಮಾಡಿ. ಭಾನುವಾರ ಒಂದು ಗಂಟೆ... ಬೇಡ, ಅರ್ಧ ಗಂಟೆ. ಬೇರೆ ಮಕ್ಕಳು ಬೇಡ. ಸುಮ್ನೆ ಫೋನ್ ಹಚ್ಚಿ ಒಂದ್ಸಲ ಹೆಸರು ಕರೀರಿ. ನನಗಲ್ಲ, ನನಗೇನು? ಅವಳಿಗೋಸ್ಕರ. ನಿಲ್ಲಿಸಿದ್ರೆ ಅವಳು ಉಳಿಯಲ್ಲ.

ಯಾಕೆ ಹಾಗೆ ನೋಡ್ತಿದೀರಿ? ನಂಬಿಕೆ ಇಲ್ವಾ? ಬಂದಾಗಿಂದ ಬೀದಿ ಬಾಗಿಲ ಕಡೆನೇ ಕಣ್ಣು ನಿಮಗೆ. ಯಾರಾದ್ರೂ ಬರೋದಿದೆಯಾ? ಟೀಚರ್, ಯಾರು ಬರ್ಬೇಕು?

ಬಾಗಿಲು...

ಬಂದ್ಯಾ. ಇವತ್ತು ಬೇಗ ಬಂದೆ. ಡ್ಯೂಟಿ ಮುಗೀತಾ?

ಟೀಚರ್, ಇವಳು... ನನ್ನ ಹೆಂಡತಿ. ಬಸ್ ಕಂಡಕ್ಟರ್. ಇದು ಅವಳ ಯೂನಿಫಾರ್ಮು. ಬಸ್ಸು ಓಡಕ್ಕೆ ಶುರುವಾದ ದಿನಾನೇ ಕೆಲಸಕ್ಕೆ ಹೋದ್ಲು. ಅತ್ಲು, ಹೊಟ್ಟೆ ತುಂಬಾ ಅತ್ಲು, ಮುಖ ತೊಳೆದ್ಲು, ಹೋದ್ಲು.

ನೀವಿಬ್ರೂ ನಮಸ್ಕಾರಾನೂ ಹೇಳ್ಲಿಲ್ಲ. ಗುರುತಿದೆ ಹಾಗಾದ್ರೆ. ನೀನೇ ಕರೆಸಿದ್ಯೇನೇ? ನೀನೇ ಫೋನ್ ಮಾಡಿ ಬನ್ನಿ ಅಂದ್ಯಾ?

ಚೀಲ ಇಳಿಸಿ ನನ್ನ ಹೆಗಲ ಮೇಲೆ ಕೈ ಇಡ್ತೀಯಾ. ಇಬ್ಬರೂ ಸೇರಿ ಹೀಗೆ ನಿಂತ್ಕೊಂಡು ನೋಡಿದ್ರೆ ನಾನು ಏನು ಮಾಡ್ಲಿ?

ಒಳಗೆ ಯಾರೂ ಇಲ್ಲ ಟೀಚರ್. ಹಾಸಿಗೆ ಸುತ್ತಿಟ್ಟಿದೆ. ನಾನು ಎಲ್ಲೆಲ್ಲಿ ಇವಳು ಅಂದೆನೋ, ಅಲ್ಲೆಲ್ಲಾ ನಾನು ಅಂತ ತಿಳ್ಕೊಳ್ಳಿ. ತಲೆ ಬಾಚ್ಕೊಂಡೋನು ನಾನು. ತಪ್ಪು ತಪ್ಪು ಬರೆದೋನು ನಾನು. ಬೇಡ ಅಂದಿದ್ದು ಇವಳು, ಬೈದಿದ್ದು ಇವಳು. ಫೋನು ಎಲ್ಲೂ ಬಿದ್ದಿಲ್ಲ, ಕ್ಯಾಮೆರಾ ಚೆನ್ನಾಗೇ ಇದೆ. ನನ್ನ ಮುಖ ಕಾಣ್ಬಾರ್ದು ಅಂತ ಅಂಟು ಹಚ್ಚಿ ಚಿಂದಿ ಮೆತ್ತಿದೀನಿ, ಬಂದ ತಕ್ಷಣ ನೋಡಿದ್ರಲ್ಲ ನೀವು.

ಯಾಕೆ ಅಂದ್ರೆ... ನೀವು ಕರೀತಿದ್ರಿ. ಇಡೀ ಊರಲ್ಲಿ ಅವಳ ಹೆಸರು ಹಿಡಿದು, ಅವಳು ಇದಾಳೆ ಅಂತ ಕರೆಯೋರು ನೀವೊಬ್ಬರೇ ಇದ್ರಿ. ಇವಳೂ ಕರೆಯೋದು ಬಿಟ್ಲು. ನಾನು ಕರೆದ್ರೆ ನನ್ನ ದನಿ ನನಗೇ ಕೇಳಿಸತ್ತೆ, ಅಷ್ಟೇ. ನೀವು ಕರೆದಾಗ ಮಾತ್ರ...

ಏನೇ? ಹೇಳ್ಬೇಕಾ? ಇಷ್ಟು ದಿನ ಅದೇ ಅಲ್ವಾ ನಿನ್ನ ಹಟ, ಒಂದೇ ಒಂದ್ಸಲ ಬಾಯಿಬಿಟ್ಟು ಹೇಳು, ಹೇಳು ಅಂತ. ಆಯ್ತು. ಟೀಚರ್ ಮುಂದೆ ಹೇಳ್ತೀನಿ. ಹೆಗಲ ಮೇಲಿಂದ ಕೈ ತೆಗಿ, ಆಗ್ತಿಲ್ಲ... ಇಲ್ಲ, ತೆಗೀಬೇಡ, ಇರ್ಲಿ.

ನಮ್ಮ ಚೂಟಿ ತೀರ್ಕೊಂಡ್ಲು.

ಹೇಳ್ದೆ. ನೋಡು, ಹೇಳ್ದೆ. ಹೇಳಿದ್ರೆ ಹಗುರ ಆಗತ್ತೆ ಅಂದಿದ್ದೆ ನೀನು... ಆಗ್ಲಿಲ್ಲ ಕಣೇ. ಇನ್ನೇನು ಮಾಡ್ಬೇಕು? ಟೀಚರ್, ನೀವಾದ್ರೂ ಹೇಳಿ. ಹೇಳಿ ಆಯ್ತಲ್ಲ, ಇನ್ನೇನು ಮಾಡ್ಬೇಕು?